ಆಫೀಸಿನಲ್ಲಿ ಕ್ರ್ಯಾಕ್ ಹಾಕಿಸುವವರಿಗೆ ಒಂದು ಬಹಿರಂಗ ಪತ್ರ

ಮಾಲೀಕರೇ, ನಿರ್ದೇಶಕರೇ, ಮ್ಯಾನೇಜರ್‌ಗಳೇ,

ನಮಸ್ಕಾರ. ನಾನು ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಯಾವ ಕಂಪ್ಯೂಟರಿನಲ್ಲಿ ಏನಿದೆ, ಯಾವುದಕ್ಕೆ ಬಿಲ್ ಇದೆ, ಯಾವುದಕ್ಕೆ ಇಲ್ಲ ಅನ್ನುವುದು ನನ್ನಂಥವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಎಷ್ಟೋ ಕಡೆ ನಿಮಗೂ ಗೊತ್ತಿರುತ್ತದೆ. ಆದರೆ ಮೀಟಿಂಗ್‌ನಲ್ಲಿ ಮಾತ್ರ ಈ ವಿಷಯ ಯಾರೂ ಎತ್ತುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಪೈರೇಟೆಡ್ ಸಾಫ್ಟ್‌ವೇರ್, ಅಂದರೆ ದುಡ್ಡು ಕೊಡದೆ ಕದ್ದ ಪ್ರತಿ, ಬಳಸುವ ತೀರ್ಮಾನ ನಿಮ್ಮದು. ಅದರಿಂದ ಉಳಿಯುವ ದುಡ್ಡೂ ನಿಮ್ಮದೇ. ಆದರೆ ಅದನ್ನು ಕಂಪ್ಯೂಟರಿಗೆ ಹಾಕಿ ದಿನವಿಡೀ ಬಳಸುವವರು ಸಂಬಳಕ್ಕೆ ದುಡಿಯುವವರು. ನಾಳೆ ಕೇಸಾದರೆ ಅವರ ಹೆಸರೂ ಅದರಲ್ಲಿ ಬರಬಹುದು. ತಮ್ಮದಲ್ಲದ ಉಳಿತಾಯಕ್ಕೆ ಅವರನ್ನು ಹೊಣೆ ಮಾಡುವುದು ಅನ್ಯಾಯ. ಇದು ನಿಲ್ಲಬೇಕು.

ಹೊಸಬರೊಬ್ಬರು ಕೆಲಸಕ್ಕೆ ಸೇರಿದ ಮೊದಲ ವಾರ ಏನಾಗುತ್ತದೆ ನೋಡಿ. "ಡ್ರಾಯಿಂಗ್ ಸಾಫ್ಟ್‌ವೇರ್ ಎಲ್ಲಿದೆ ಸರ್?" ಅಂತ ಅವರು ಕೇಳುತ್ತಾರೆ. "ಸರ್ವರ್‌ನಲ್ಲಿ ಫೋಲ್ಡರ್ ಇದೆ, ಅಲ್ಲಿಂದ ಹಾಕ್ಕೊಳ್ಳಿ" ಅನ್ನುವ ಉತ್ತರ ಬರುತ್ತದೆ. ಆ ಫೋಲ್ಡರಿನಲ್ಲಿ ಸೆಟಪ್ ಫೈಲ್ ಇರುತ್ತದೆ. ಪಕ್ಕದಲ್ಲಿ 'ಕ್ರ್ಯಾಕ್' ಅಂತ ಇನ್ನೊಂದು ಫೋಲ್ಡರ್, ಲೈಸೆನ್ಸ್ ಇಲ್ಲದೆ ಓಡದ ಹಾಗೆ ಸಾಫ್ಟ್‌ವೇರ್‌ಗೆ ಹಾಕಿದ ಬೀಗ ಒಡೆಯುವುದಕ್ಕೆ. ಜೊತೆಗೆ ಒಂದು ಚಿಕ್ಕ ಟೆಕ್ಸ್ಟ್ ಫೈಲ್. ಅದನ್ನು ತೆರೆದರೆ ಹೀಗೆ ಬರೆದಿರುತ್ತದೆ: ಇಂಟರ್‌ನೆಟ್ ತೆಗೆಯಿರಿ. ಆಂಟಿವೈರಸ್ ಆಫ್ ಮಾಡಿ. ಸೆಟಪ್ ಮುಗಿಸಿ, ಆದರೆ ಓಪನ್ ಮಾಡಬೇಡಿ. ಪ್ಯಾಚ್ ಅನ್ನು, ಅಂದರೆ ಬೀಗ ಒಡೆಯುವ ಪ್ರೋಗ್ರಾಮನ್ನು, ಪೂರ್ತಿ ಅಧಿಕಾರದ ಅಡ್ಮಿನ್ ಆಗಿ ರನ್ ಮಾಡಿ. ಈ ಪ್ರೋಗ್ರಾಮ್ ಇಂಟರ್‌ನೆಟ್‌ಗೆ ಹೋಗದ ಹಾಗೆ ಫೈರ್‌ವಾಲ್‌ನಲ್ಲಿ ಬ್ಲಾಕ್ ಮಾಡಿ.

ಇದನ್ನು ಓದಿ, ಹೇಳಿದ ಹಾಗೇ ಮಾಡಿದವರು "ಇದು ಒರಿಜಿನಲ್ ಅಂದುಕೊಂಡಿದ್ದೆ" ಅಂತ ಮುಂದೆ ಹೇಳುವುದಾದರೂ ಹೇಗೆ? ನಿಮ್ಮ ಒಂದು ಮಾತಿಗೆ, ಕೆಲಸಕ್ಕೆ ಸೇರಿ ವಾರ ಕಳೆಯದ ಒಬ್ಬರು ಗೊತ್ತಿದ್ದೂ ತಪ್ಪು ಮಾಡಿದವರ ಸಾಲಿಗೆ ಸೇರಿಬಿಟ್ಟರು. ಬೇಡ ಅಂದರೆ ಕೆಲಸ ಹೋಗುವ ಭಯ, ಹೂಂ ಅಂದರೆ ಕಾನೂನಿನ ಭಯ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು ಅವರದು.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ. "ಅದೆಲ್ಲ ದೊಡ್ಡ ದೇಶಗಳಲ್ಲಿ" ಅನ್ನುವ ಮಾತು ತುಂಬಾ ಸಲ ಕೇಳಿದ್ದೇನೆ. ಅದು ನಿಜವಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್, ಅಂದರೆ ಕಾಪಿರೈಟಿನಂಥ ಹಕ್ಕುಗಳ ಕುರಿತ ಒಪ್ಪಂದಕ್ಕೆ 1994ರಲ್ಲಿ ಸಹಿ ಬಿತ್ತು. 1995ರ ಜನವರಿಯಿಂದ ಅದು ಜಾರಿಯಲ್ಲಿದೆ. ಕಂಪ್ಯೂಟರ್ ಪ್ರೋಗ್ರಾಮ್‌ಗೆ ಸಾಹಿತ್ಯ ಕೃತಿಗೆ ಸಿಗುವ ರಕ್ಷಣೆಯೇ ಸಿಗಬೇಕು ಅಂತ ಅದರ 10ನೇ ವಿಧಿ ಹೇಳುತ್ತದೆ. ಗೊತ್ತಿದ್ದೂ, ವ್ಯಾಪಾರದ ಮಟ್ಟದಲ್ಲಿ ಕಾಪಿರೈಟ್ ಕದ್ದರೆ ಅದನ್ನು ಕ್ರಿಮಿನಲ್ ಅಪರಾಧ ಮಾಡಲೇಬೇಕು ಅನ್ನುತ್ತದೆ 61ನೇ ವಿಧಿ. ಸದಸ್ಯ ದೇಶಗಳು ತಮ್ಮ ಕಾನೂನನ್ನು ಇದಕ್ಕೆ ಹೊಂದಿಸಬೇಕು. ಹಾಗಾಗಿ ಶಿಕ್ಷೆಯ ಪ್ರಮಾಣ ಒಂದೊಂದು ಕಡೆ ಒಂದೊಂದು ಥರ ಇದ್ದರೂ ತಪ್ಪು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ತಪ್ಪೇ.

ಭಾರತದ 1957ರ ಕಾಪಿರೈಟ್ ಕಾಯ್ದೆಯನ್ನೇ ತಗೊಳ್ಳಿ. ಕದ್ದ ಪ್ರತಿ ಅಂತ ಗೊತ್ತಿದ್ದೂ ಅದನ್ನು ಕಂಪ್ಯೂಟರಿನಲ್ಲಿ ಬಳಸುವುದನ್ನೇ ಅಪರಾಧ ಮಾಡುವ 63ಬಿ ಅನ್ನುವ ಒಂದು ಕಲಂ ಅದರಲ್ಲಿದೆ. ಮಾರಬೇಕಾಗಿಲ್ಲ, ಹಂಚಬೇಕಾಗಿಲ್ಲ. ಬಳಸಿದರೆ ಸಾಕು. ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲ ಅಂತ ತೋರಿಸಿಕೊಟ್ಟವರಿಗೆ ಕೋರ್ಟು ಜೈಲು ಬಿಟ್ಟು ಬರೀ ದಂಡ ಹಾಕಲು ಅವಕಾಶ ಇದೆ. ಅಂದರೆ ಆ ರಿಯಾಯಿತಿ ಆಫೀಸಿನಲ್ಲಿ ಬಳಸುವವರಿಗೆ ಸಿಗುವುದು ಕಷ್ಟ. ಮನೆಯಲ್ಲಿ ಕೂತು ಕಲಿಯುವ ಹುಡುಗನಿಗಿಂತ ನಿಮ್ಮ ಆಫೀಸಿನ ಹುಡುಗನ ಮೇಲೆ ಈ ಕಲಂ ಜಾಸ್ತಿ ಭಾರ ಹಾಕುತ್ತದೆ. ಅವನು ಅದನ್ನು ಬಳಸುತ್ತಿರುವುದು ಯಾರಿಗೋಸ್ಕರ ಅಂತ ಒಮ್ಮೆ ಯೋಚಿಸಿ.

ಇನ್ನು ನಿಮ್ಮ ಪಾಲಿಗೆ ಬರೋಣ. ಅದೇ ಕಾಯ್ದೆಯ 63ನೇ ಕಲಂ ಉಲ್ಲಂಘನೆ ಮಾಡಿದವರನ್ನಷ್ಟೇ ಹಿಡಿಯುವುದಿಲ್ಲ, ಅದಕ್ಕೆ ಕುಮ್ಮಕ್ಕು ಕೊಟ್ಟವರನ್ನೂ ಹಿಡಿಯುತ್ತದೆ. ಇದು ಜಾಮೀನು ಹಕ್ಕಾಗಿ ಸಿಗದ ಅಪರಾಧ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಕಂಪನಿ ತಪ್ಪು ಮಾಡಿದರೆ ಅದರ ವ್ಯವಹಾರದ ಹೊಣೆ ಹೊತ್ತವರೂ ತಪ್ಪಿತಸ್ಥರೇ ಅನ್ನುತ್ತದೆ 69ನೇ ಕಲಂ. ತಪ್ಪಿಸಿಕೊಳ್ಳಬೇಕಾದರೆ, ತನಗೆ ತಿಳಿಯದೆ ನಡೆಯಿತು ಅಂತಲೋ, ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆ ಅಂತಲೋ ಅವರೇ ಸಾಬೀತು ಮಾಡಬೇಕು. ಸರ್ವರ್‌ನಲ್ಲಿ ಕ್ರ್ಯಾಕ್ ಫೋಲ್ಡರ್ ಇಟ್ಟುಕೊಂಡು, ಹೊಸಬರಿಗೆ ಅದರ ದಾರಿ ತೋರಿಸುವ ಆಫೀಸಿನಲ್ಲಿ ಇದನ್ನು ಸಾಬೀತು ಮಾಡುವುದು ಹೇಗೆ?

ಬೇರೆ ಕಡೆಯೂ ದಾರಿ ಬೇರೆ, ದಿಕ್ಕು ಒಂದೇ. ಬ್ರಿಟನ್ನಿನ 1988ರ ಕಾಪಿರೈಟ್ ಕಾಯ್ದೆಯ 110ನೇ ಕಲಂ ಪ್ರಕಾರ, ನಿರ್ದೇಶಕರ ಅಥವಾ ಮ್ಯಾನೇಜರ್‌ಗಳ ಒಪ್ಪಿಗೆಯಿಂದಲೋ ಅವರು ಕಂಡೂ ಕಾಣದ ಹಾಗೆ ಇದ್ದದ್ದರಿಂದಲೋ ಕಂಪನಿ ಅಪರಾಧ ಮಾಡಿದ್ದರೆ ಅವರಿಗೂ ಶಿಕ್ಷೆ ಉಂಟು. ಯುರೋಪಿಯನ್ ಒಕ್ಕೂಟದ 2009ರ ಸಾಫ್ಟ್‌ವೇರ್ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕದ್ದ ಪ್ರತಿ ಅಂತ ಗೊತ್ತಿದ್ದೂ, ಅಥವಾ ಹಾಗೆ ಅನುಮಾನ ಪಡಲು ಕಾರಣ ಇದ್ದೂ, ಅದನ್ನು ವ್ಯಾಪಾರಕ್ಕಾಗಿ ಇಟ್ಟುಕೊಂಡವರ ಮೇಲೆ ಕ್ರಮ ತಗೊಳ್ಳಲು ಕಾನೂನು ಮಾಡಿ ಅಂತ ಅದು ಸದಸ್ಯ ದೇಶಗಳಿಗೆ ಹೇಳಿದೆ. ಅನುಮಾನ ಪಡಲು ಕಾರಣ ಇತ್ತೇ ಅನ್ನುವುದನ್ನೇ ಗಮನಿಸಿ. ದುಬಾರಿ ಸಾಫ್ಟ್‌ವೇರ್ ಎಲ್ಲರ ಕಂಪ್ಯೂಟರಿನಲ್ಲೂ ಇದೆ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಒಂದು ಬಿಲ್ಲೂ ಇಲ್ಲ. ಇದಕ್ಕಿಂತ ದೊಡ್ಡ ಕಾರಣ ಬೇಕೇ?

ಅಮೆರಿಕದಲ್ಲಿ ಹೆದರಿಸುವುದು ದುಡ್ಡಿನ ಲೆಕ್ಕ. ಸಾಫ್ಟ್‌ವೇರ್ ಮಾಡಿದವರು ತಮಗೆ ಎಷ್ಟು ನಷ್ಟ ಆಯಿತು ಅಂತ ಲೆಕ್ಕ ತೋರಿಸಲೇಬೇಕಾಗಿಲ್ಲ. ಅವರ ಕಾಪಿರೈಟ್ ನೋಂದಣಿ ಸಮಯಕ್ಕೆ ಸರಿಯಾಗಿ ಆಗಿದ್ದರೆ, ಒಂದೊಂದು ಕೃತಿಗೂ 750ರಿಂದ 30 ಸಾವಿರ ಡಾಲರ್‌ವರೆಗೆ ಪರಿಹಾರ ಕೇಳಬಹುದು. ಬೇಕಂತಲೇ ಮಾಡಿದ್ದು ಅಂತ ಸಾಬೀತಾದರೆ ಇದು ಒಂದೂವರೆ ಲಕ್ಷ ಡಾಲರ್‌ವರೆಗೂ ಹೋಗುತ್ತದೆ. ಲೈಸೆನ್ಸ್ ಬೀಗ ಒಡೆಯುವುದು ಅಲ್ಲಿ 1998ರ ಕಾನೂನಿನಡಿ ಬೇರೆಯೇ ತಪ್ಪು. ಭಾರತದಲ್ಲೂ 2012ರ ತಿದ್ದುಪಡಿ 65ಎ ಅನ್ನುವ ಕಲಂ ತಂದು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆಯುವವರಿಗೆ 2 ವರ್ಷದವರೆಗೆ ಜೈಲು ಇಟ್ಟಿದೆ. ಅಂದರೆ ಕ್ರ್ಯಾಕ್ ಹಾಕಿದ ಒಂದೇ ಕೆಲಸಕ್ಕೆ ಎರಡು ಕಡೆಯಿಂದ ಕುತ್ತು ಬರಬಹುದು.

"ಸರಿ, ಆದರೆ ನಮ್ಮ ಆಫೀಸಿನ ಒಳಗಿರೋದು ಹೊರಗಿನವರಿಗೆ ಹೇಗೆ ಗೊತ್ತಾಗುತ್ತೆ?" ಅಂತ ನೀವು ಕೇಳಬಹುದು. ನನ್ನ ಕೆಲಸವೇ ಇದಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಂಜಿನಿಯರಿಂಗ್, ಡಿಸೈನ್ ಕೆಲಸದ ಎಷ್ಟೋ ದುಬಾರಿ ಸಾಫ್ಟ್‌ವೇರ್‌ಗಳ ಒಳಗೇ ಸುದ್ದಿ ಕಳಿಸುವ ಒಂದು ವ್ಯವಸ್ಥೆ ಇರುತ್ತದೆ. ಬೀಗ ಒಡೆದವರ ಗಮನವೆಲ್ಲ ಬೀಗದ ಮೇಲೇ ಇರುತ್ತದೆ. ಈ ಭಾಗ ಅವರ ಕಣ್ಣಿಗೆ ಬಿದ್ದಿರುವುದೇ ಇಲ್ಲ. ಬಿದ್ದರೂ ಪೂರ್ತಿ ಕಿತ್ತಿರುವುದಿಲ್ಲ. ಕಂಪ್ಯೂಟರಿನ ಹೆಸರು, ನೆಟ್‌ವರ್ಕ್ ಕಾರ್ಡಿನ ನಂಬರು, ಐಪಿ ವಿಳಾಸ, ಆಫೀಸಿನ ಡೊಮೇನ್ ಹೆಸರು, ಎಷ್ಟು ಸಲ ತೆರೆದರು ಅನ್ನುವ ಲೆಕ್ಕ ಇವೆಲ್ಲ ಸಾಫ್ಟ್‌ವೇರ್ ಮಾಡಿದ ಕಂಪನಿಗೆ ತಲುಪಬಹುದು. ಒಂದು ದಿನ ಫೈರ್‌ವಾಲ್ ಬದಲಾದರೆ, ಯಾರೋ ಲ್ಯಾಪ್‌ಟಾಪನ್ನು ಮನೆಗೆ ಒಯ್ದು ಅಲ್ಲಿನ ವೈಫೈಗೆ ಸೇರಿಸಿದರೆ ಅಷ್ಟು ಸಾಕು. ಅದಾದ ಮೇಲೆ ಬರುವ ಮೊದಲ ಪತ್ರ ತುಂಬಾ ಮರ್ಯಾದೆಯಾಗಿಯೇ ಇರುತ್ತದೆ. ನಿಮ್ಮಲ್ಲಿ ನಮ್ಮ ಸಾಫ್ಟ್‌ವೇರ್ ಎಷ್ಟು ಇದೆ ದಯವಿಟ್ಟು ತಿಳಿಸಿ ಅಂತ ಕೇಳುತ್ತಾರೆ. ಅಷ್ಟು ಹೊತ್ತಿಗೆ ಉತ್ತರ ಅವರ ಕೈಯಲ್ಲೇ ಇರಬಹುದು.

ಕಂಪ್ಯೂಟರ್ ಒಳಗೆ ಉಳಿಯುವ ಗುರುತುಗಳ ಕಥೆ ಇನ್ನೂ ದೊಡ್ಡದು. ಹೋಸ್ಟ್ಸ್ ಅಂತ ಒಂದು ಸಣ್ಣ ಫೈಲ್ ಇರುತ್ತದೆ. ಲೈಸೆನ್ಸ್ ಪರೀಕ್ಷಿಸುವ ಸರ್ವರ್‌ಗಳ ಹೆಸರನ್ನು ಅದರಲ್ಲಿ ಬರೆದು, ಆ ಕರೆಗಳೆಲ್ಲ ಇದೇ ಕಂಪ್ಯೂಟರಿಗೆ ವಾಪಸ್ ಬರುವ ಹಾಗೆ ಕ್ರ್ಯಾಕ್ ತಿರುಗಿಸಿರುತ್ತದೆ. ತನ್ನಷ್ಟಕ್ಕೆ ತಾನೇ ಆ ಸಾಲುಗಳು ಅಲ್ಲಿ ಹುಟ್ಟುವುದಿಲ್ಲ. ಇನ್ನೊಂದು ಉದಾಹರಣೆ: ದೊಡ್ಡ ಸಂಸ್ಥೆಗಳಿಗಾಗಿ ಮೈಕ್ರೋಸಾಫ್ಟ್ ಮಾಡಿರುವ ಕೆಎಂಎಸ್ ಅನ್ನುವ ಆಕ್ಟಿವೇಶನ್ (ಲೈಸೆನ್ಸ್ ಖಾತ್ರಿ ಮಾಡುವ) ಪದ್ಧತಿ. ಸಂಸ್ಥೆಯ ಒಳಗೇ ಒಂದು ಸರ್ವರ್ ಇರುತ್ತದೆ, ಉಳಿದ ಕಂಪ್ಯೂಟರುಗಳು ಅದರ ಹತ್ತಿರ ಒಪ್ಪಿಗೆ ಪಡೆಯುತ್ತವೆ. ಆ ಒಪ್ಪಿಗೆ 180 ದಿನ ನಡೆಯುತ್ತದೆ. ಕಳ್ಳ ಆಕ್ಟಿವೇಟರ್‌ಗಳು ಅಂಥದೇ ನಕಲಿ ಸರ್ವರ್ ಒಂದನ್ನು ಎಬ್ಬಿಸುತ್ತವೆ. ಅಂಥ ಸರ್ವರೇ ಇಲ್ಲದ ಚಿಕ್ಕ ಆಫೀಸಿನಲ್ಲಿ ಪ್ರತಿ ಕಂಪ್ಯೂಟರೂ ಕೆಎಂಎಸ್‌ನಿಂದ ಒಪ್ಪಿಗೆ ಪಡೆದಿದ್ದರೆ, ತಿಳಿದವರಿಗೆ ಒಂದು ಕಮಾಂಡ್ ಹೊಡೆಯುವಷ್ಟರಲ್ಲಿ ಎಲ್ಲ ಗೊತ್ತಾಗಿಬಿಡುತ್ತದೆ. ಪ್ಯಾಚ್ ಹಾಕಿದ ತಾರೀಖು, ಗಂಟೆ, ಆಗ ಲಾಗಿನ್ ಆಗಿದ್ದವರ ಹೆಸರು ಕೂಡ ಹುಡುಕಿದರೆ ಸಿಗುತ್ತವೆ. ಆ ಹೆಸರು ನಿಮ್ಮದಾಗಿರುವುದಿಲ್ಲ. ನಿಮ್ಮಲ್ಲಿ ಕೆಲಸ ಮಾಡುವ ಯಾರದ್ದೋ ಆಗಿರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಸಾಫ್ಟ್‌ವೇರ್ ಕಂಪನಿಯವರು ಪರೀಕ್ಷೆಗೆ ಬರುವ ಮೊದಲು ಎಲ್ಲ ಅಳಿಸಿಬಿಟ್ಟರಾಯಿತು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಎದುರಿನವರಿಗೆ ಹೇಳದೆಯೇ ಸಾಕ್ಷ್ಯ ಕಾಪಾಡಲು ಆದೇಶ ಕೊಡುವ ಅಧಿಕಾರ ಕೋರ್ಟುಗಳಿಗೆ ಇದೆ. ಟ್ರಿಪ್ಸ್‌ನ 50ನೇ ವಿಧಿಯೇ ಇದನ್ನು ಹೇಳುತ್ತದೆ. ಇಂಗ್ಲೆಂಡಿನಲ್ಲಿ 1975ರ ಆಂಟನ್ ಪಿಲ್ಲರ್ ಮೊಕದ್ದಮೆಯಿಂದ ಈ ಬಗೆಯ ಆದೇಶಕ್ಕೆ ಹೆಸರು ಬಂತು. ಭಾರತದಲ್ಲಿ ಕೋರ್ಟು ನೇಮಿಸಿದ ಲೋಕಲ್ ಕಮಿಷನರ್, ತಾಂತ್ರಿಕ ಪರಿಣತರ ಜೊತೆ ನೇರವಾಗಿ ಬಾಗಿಲಿಗೆ ಬರಬಹುದು. ಬಂದ ಮೇಲೆ ಕಂಪ್ಯೂಟರುಗಳ ಪಟ್ಟಿ ಆಗುತ್ತದೆ, ಕೆಲವನ್ನು ಸೀಲ್ ಮಾಡಬಹುದು. ಅವತ್ತು ಗ್ರಾಹಕರಿಗೆ ಕಳಿಸಬೇಕಾದ ಕೆಲಸ ಆ ಕಂಪ್ಯೂಟರಿನಲ್ಲೇ ಇದ್ದರೆ ಅಲ್ಲೇ ಉಳಿಯುತ್ತದೆ.

ಇನ್ನು ಮನುಷ್ಯರ ದಾರಿ ಇದೆ. ಬಿಸಿನೆಸ್ ಸಾಫ್ಟ್‌ವೇರ್ ಅಲಯನ್ಸ್ ಅನ್ನುವ ಸಂಘ 1988ರಿಂದ ಇದೆ. ಸಾಫ್ಟ್‌ವೇರ್ ಕಂಪನಿಗಳ ಪರವಾಗಿ ಅದು ದೂರು ತಗೊಳ್ಳುತ್ತದೆ. ಕೆಲವು ದೇಶಗಳಲ್ಲಿ ಮಾಹಿತಿ ಕೊಟ್ಟವರಿಗೆ ಬಹುಮಾನವನ್ನೂ ಇಟ್ಟಿದೆ. ಹೇಳುವವರು ಸಾಮಾನ್ಯವಾಗಿ ಒಳಗಿನವರು, ಇಲ್ಲವೇ ಕೆಲಸ ಬಿಟ್ಟು ಹೋದವರು. ಅವರನ್ನು ದ್ರೋಹಿಗಳು ಅಂತ ಬೈಯುವ ಮೊದಲು ಅವರ ಜಾಗದಲ್ಲಿ ನಿಂತು ನೋಡಿ. ಇಷ್ಟವಿಲ್ಲದ ಕೆಲಸ ಮಾಡಬೇಕಾಗಿ ಬಂದವರು ಅವರು.

ಕ್ರ್ಯಾಕ್ ಹಾಕದಿದ್ದರೂ ತಪ್ಪಾಗಬಹುದು ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಇದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ಅಮೆರಿಕದ ನೌಕಾಪಡೆಯದು. ಜರ್ಮನಿಯ ಬಿಟ್‌ಮ್ಯಾನೇಜ್‌ಮೆಂಟ್ ಅನ್ನುವ ಕಂಪನಿಯಿಂದ ನೌಕಾಪಡೆ ತ್ರೀ-ಡಿ ದೃಶ್ಯ ತೋರಿಸುವ ಒಂದು ಸಾಫ್ಟ್‌ವೇರ್‌ಗೆ 38 ಲೈಸೆನ್ಸ್ ಕೊಂಡಿತ್ತು. ಆಮೇಲೆ ಮಾತುಕತೆ ನಡೆಸಿ, ಅದನ್ನು ತನ್ನ ನೆಟ್‌ವರ್ಕಿನ 4 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹಾಕಿತು. ಕಂಪನಿ ಇದಕ್ಕೆ ಒಪ್ಪಿದಂತೆಯೇ ನಡೆದುಕೊಂಡಿತ್ತು ಅಂತ ಕೋರ್ಟೂ ಹೇಳಿತು. ಆದರೆ ಆ ಒಪ್ಪಿಗೆಗೆ ಒಂದು ಷರತ್ತಿತ್ತು. ಒಂದೇ ಹೊತ್ತಿಗೆ ಎಷ್ಟು ಜನ ಬಳಸುತ್ತಿದ್ದಾರೆ ಅಂತ ಲೆಕ್ಕ ಇಡುವ ಇನ್ನೊಂದು ಸಾಫ್ಟ್‌ವೇರನ್ನು ಇದರ ಜೊತೆ ಓಡಿಸಬೇಕಿತ್ತು. ನೌಕಾಪಡೆ ಅದನ್ನು ಸರಿಯಾಗಿ ಓಡಿಸಲಿಲ್ಲ. ಹಾಗಾಗಿ ಇದು ಕಾಪಿರೈಟ್ ಉಲ್ಲಂಘನೆಯೇ ಅಂತ 2021ರಲ್ಲಿ ಮೇಲ್ಮನವಿ ಕೋರ್ಟು ತೀರ್ಪು ಕೊಟ್ಟಿತು. 2022ರಲ್ಲಿ 1,54,400 ಡಾಲರ್ ಪರಿಹಾರ ನಿಗದಿಯಾಯಿತು. ಕಂಪನಿ ಕೇಳಿದ್ದಕ್ಕೆ ಹೋಲಿಸಿದರೆ ಇದು ತೀರಾ ಚಿಕ್ಕ ಮೊತ್ತ, ನಿಜ. ಆದರೆ ಇಲ್ಲಿ ಯಾರೂ ಬೀಗ ಒಡೆದಿರಲಿಲ್ಲ. ಲೈಸೆನ್ಸ್ ಕೊಂಡಿದ್ದರು, ಮಾತೂ ಆಡಿದ್ದರು. ಲೆಕ್ಕ ಇಡದ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದಾಟ ಆಯಿತು.

ನಮ್ಮ ನಿಮ್ಮ ಮಟ್ಟದಲ್ಲೂ ಇಂಥವು ಬೇಕಾದಷ್ಟಿವೆ. ಐದು ಲೈಸೆನ್ಸ್ ಕೊಂಡು ಹದಿನೈದು ಕಡೆ ಹಾಕುವುದು. ವಿದ್ಯಾರ್ಥಿಗಳಿಗೆ ಕೊಟ್ಟ ಆವೃತ್ತಿಯಲ್ಲಿ ಗ್ರಾಹಕರ ಕೆಲಸ ಮಾಡುವುದು. ಹಿಂದೆ ಆಟೋಕ್ಯಾಡ್‌ನ ವಿದ್ಯಾರ್ಥಿ ಆವೃತ್ತಿಯಲ್ಲಿ ಮಾಡಿದ ಡ್ರಾಯಿಂಗ್ ಪ್ರಿಂಟ್ ತೆಗೆದರೆ, ಇದು ಶೈಕ್ಷಣಿಕ ಆವೃತ್ತಿಯಲ್ಲಿ ಮಾಡಿದ್ದು ಅಂತ ಹಾಳೆಯ ಅಂಚಿನಲ್ಲೇ ಅಚ್ಚಾಗಿ ಬರುತ್ತಿತ್ತು. ಈಗ ಆ ಮುದ್ರೆ ಇಲ್ಲ, ಆದರೆ ಷರತ್ತು ಹಾಗೇ ಇದೆ. ಇನ್ನು 'ಫ್ರೀ' ಅಂತ ಇಳಿಸಿಕೊಂಡದ್ದು ಮನೆ ಬಳಕೆಗೆ ಮಾತ್ರ ಫ್ರೀ ಆಗಿರಬಹುದು. ಪ್ರೋಗ್ರಾಮ್ ಬರೆಯುವವರು ಬಳಸುವ ಡಾಕರ್ ಡೆಸ್ಕ್‌ಟಾಪ್ 2021ರಲ್ಲಿ ನಿಯಮ ಬದಲಿಸಿತು. 250ಕ್ಕಿಂತ ಕಡಿಮೆ ನೌಕರರು, ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಕಡಿಮೆ ವರಮಾನ, ಎರಡೂ ಇರುವ ವ್ಯಾಪಾರ ಸಂಸ್ಥೆಗಳಿಗೆ ಮಾತ್ರ ಅದು ಉಚಿತ ಅಂದಿತು. ಅಷ್ಟೂ ದಿನ ಸರಿ ಇದ್ದದ್ದು ದೊಡ್ಡ ಕಂಪನಿಗಳಿಗೆ ತಪ್ಪಾಯಿತು. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಬಹುದಾದದ್ದು), ಆದರೆ ಹೆಚ್ಚಿನ ಸೌಲಭ್ಯ ಕೊಡುವ ಅದರ ಎಕ್ಸ್‌ಟೆನ್ಶನ್ ಪ್ಯಾಕ್‌ಗೆ ಬೇರೆಯೇ ಲೈಸೆನ್ಸ್. ಫಾಂಟುಗಳೂ ಇದೇ ಗುಂಪಿಗೆ ಸೇರುತ್ತವೆ. ಪೋಸ್ಟರಿಗೆ, ಲೋಗೋಗೆ ಬಳಸಿದ ಫಾಂಟ್ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಎಲ್ಲರ ಕಣ್ಣಿಗೂ ಕಾಣುವುದು ಮಾತ್ರ ಅದೇ.

ಕಡಿಮೆ ಬೆಲೆಗೆ ಬರೀ ಆಕ್ಟಿವೇಶನ್ ಕೀ ಮಾರುವವರ ಬಗ್ಗೆಯೂ ಒಂದು ಮಾತು. ಕೀ ಕೆಲಸ ಮಾಡಿತು ಅಂದಮಾತ್ರಕ್ಕೆ ಲೈಸೆನ್ಸ್ ಸಿಕ್ಕಿತು ಅಂತಲ್ಲ. ಬೇರೆ ಯಾವುದೋ ಸಂಸ್ಥೆಗೆ ಸಗಟಾಗಿ ಕೊಟ್ಟ ಕೀಯನ್ನು ಬಿಡಿಬಿಡಿಯಾಗಿ ಮಾರುವುದು ನಡೆದೇ ಇದೆ. ಬಿಲ್ ಕೇಳಿ, ಯಾರ ಹೆಸರಿಗೆ ಲೈಸೆನ್ಸ್ ಅಂತ ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಕ್ರ್ಯಾಕ್‌ನಿಂದ ಬರುವ ವೈರಸ್ ವಿಷಯ ನಿಮಗೆ ಹೊಸದಲ್ಲ. ಆದರೆ ಅದಕ್ಕೂ ಕಾನೂನಿಗೂ ಇರುವ ನಂಟು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಯುರೋಪಿನ ಒಂದು ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ನಡೆದದ್ದನ್ನು ಸೋಫೋಸ್ ಅನ್ನುವ ಭದ್ರತಾ ಕಂಪನಿ 2021ರಲ್ಲಿ ಬರೆಯಿತು. ಸಂಸ್ಥೆಯ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿಗೆ ಒಂದು ದುಬಾರಿ ಸಾಫ್ಟ್‌ವೇರ್ ಬೇಕಿತ್ತು. ಅದರ ಕ್ರ್ಯಾಕ್ ಇಳಿಸಿಕೊಂಡರು. ಆಂಟಿವೈರಸ್ ತಡೆದಾಗ ಅದನ್ನೇ ಆಫ್ ಮಾಡಿದರು. ಇಳಿದದ್ದು ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್. ಹೊರಗಿನಿಂದ ಸಂಸ್ಥೆಯ ನೆಟ್‌ವರ್ಕಿಗೆ ಬರುವ ಆ ವಿದ್ಯಾರ್ಥಿಯ ಪಾಸ್‌ವರ್ಡ್ ಕಳ್ಳರ ಕೈಗೆ ಹೋಯಿತು. ಕೆಲವು ವಾರಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯೂಕ್ ಅನ್ನುವ ರಾನ್ಸಮ್‌ವೇರ್ ಒಳಗೆ ಬಂತು. ಬ್ಯಾಕಪ್ ಪೂರ್ತಿ ಹೊಸದಾಗಿರಲಿಲ್ಲ, ಒಂದು ವಾರದ ಸಂಶೋಧನಾ ಮಾಹಿತಿ ಹೋಯಿತು.

ಇದೇ ನಿಮ್ಮಲ್ಲಿ ಆಗಿ, ಹೋದದ್ದು ನಿಮ್ಮ ಗ್ರಾಹಕರ ಹೆಸರು, ವಿಳಾಸ, ಕಾಯಿಲೆ, ಬ್ಯಾಂಕ್ ವಿವರ ಆಗಿದ್ದರೆ? ಜನರ ಖಾಸಗಿ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ಕಾನೂನಿನ ಪ್ರಕಾರ, ಜನರಿಗೆ ಅಪಾಯವಾಗುವ ಇಂಥ ಸೋರಿಕೆ ಗೊತ್ತಾದ 72 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಹೇಗಾಯಿತು ಅಂತ ಅವರು ಕೇಳುತ್ತಾರೆ. ಆಗ "ಕ್ರ್ಯಾಕ್ ಹಾಕಲು ಆಂಟಿವೈರಸ್ ಆಫ್ ಮಾಡಿದ್ದೆವು" ಅಂತ ಬರೆದು ಕೊಡಬೇಕಾಗುತ್ತದೆ. ಮಾಹಿತಿ ಕಾಪಾಡುವುದರಲ್ಲಿ ಸೋತರೆ ಆ ಕಾನೂನಿನಲ್ಲಿ 1 ಕೋಟಿ ಯೂರೋ ಅಥವಾ ಸಂಸ್ಥೆಯ ಇಡೀ ಜಗತ್ತಿನ ವಾರ್ಷಿಕ ವಹಿವಾಟಿನ ಶೇಕಡಾ 2, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟರವರೆಗೆ ದಂಡ ಹಾಕಬಹುದು. ಕಾಪಿರೈಟ್ ತಪ್ಪಿನಲ್ಲಿ ಸಾಫ್ಟ್‌ವೇರ್ ಕಂಪನಿಗೆ ನಷ್ಟ ಆಗುತ್ತದೆ. ಇಲ್ಲಿ ಪೆಟ್ಟು ಬೀಳುವುದು ನಿಮ್ಮನ್ನು ನಂಬಿ ವಿವರ ಕೊಟ್ಟವರಿಗೆ.

"ಎಲ್ಲರೂ ಮಾಡುತ್ತಾರೆ" ಅನ್ನುವುದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. "ನಾವು ಚಿಕ್ಕವರು, ದುಡ್ಡಿಲ್ಲ" ಅನ್ನುವ ಮಾತನ್ನು ಮಾತ್ರ ನಾನು ಹಗುರವಾಗಿ ತಗೊಳ್ಳುವುದಿಲ್ಲ. ಕೆಲವು ಸಾಫ್ಟ್‌ವೇರ್ ಬೆಲೆ ನಿಜಕ್ಕೂ ಜಾಸ್ತಿ. ಕೊಂಡುಕೊಳ್ಳುವ ಕಾಲ ಹೋಗಿ ತಿಂಗಳು ತಿಂಗಳು ಕಟ್ಟುವ ಕಾಲ ಬಂದ ಮೇಲೆ ಚಿಕ್ಕ ಸಂಸ್ಥೆಗಳಿಗೆ ಹೊರೆ ಇನ್ನೂ ಹೆಚ್ಚಾಗಿದೆ. ಈ ಬೆಲೆಯ ವಿರುದ್ಧ ದನಿ ಎತ್ತಿದರೆ ನಾನೂ ನಿಮ್ಮ ಜೊತೆ ಇದ್ದೇನೆ. ಆದರೆ ಬೆಲೆ ಜಾಸ್ತಿ ಅಂತ ನೌಕರರ ಕೈಯಲ್ಲಿ ಕಳ್ಳತನ ಮಾಡಿಸುವುದನ್ನು ಒಪ್ಪಲಾರೆ.

ಅದಕ್ಕಿಂತ ಮುಂಚೆ, ಅಷ್ಟು ದುಬಾರಿಯದು ಎಲ್ಲರಿಗೂ ಬೇಕೇ ಅಂತ ನೋಡಿ. ಪತ್ರ ಬರೆಯಲು, ಲೆಕ್ಕದ ಹಾಳೆ ಮಾಡಲು ಲಿಬ್ರೆ ಆಫೀಸ್ ಇದೆ. ಫೋಟೋ ತಿದ್ದಲು ಗಿಂಪ್, ಚಿತ್ರ ಬರೆಯಲು ಇಂಕ್‌ಸ್ಕೇಪ್, ತ್ರೀ-ಡಿ ಕೆಲಸಕ್ಕೆ ಬ್ಲೆಂಡರ್, ನಕ್ಷೆಗೆ ಕ್ಯೂಜಿಐಎಸ್, ಸರ್ಕ್ಯೂಟ್ ಬೋರ್ಡಿಗೆ ಕೀಕ್ಯಾಡ್. ಇವನ್ನು ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಿ, ಯಾರೂ ಲೆಕ್ಕ ಕೇಳುವುದಿಲ್ಲ. ಎಲ್ಲದಕ್ಕೂ ಇವು ಸಾಟಿ ಅಂತ ಹೇಳಿದರೆ ಸುಳ್ಳಾಗುತ್ತದೆ. ಗ್ರಾಹಕರು ಇಂಥದೇ ಫಾರ್ಮ್ಯಾಟ್‌ನಲ್ಲಿ ಫೈಲ್ ಬೇಕು ಅಂದರೆ ಬೇರೆ ದಾರಿ ಇರುವುದಿಲ್ಲ. ಕಲಿಯಲು ಸಮಯವೂ ಬೇಕು. ಮೊದಮೊದಲು ಕೆಲಸ ನಿಧಾನವಾಗುತ್ತದೆ, ಸಿಬ್ಬಂದಿ ಗೊಣಗುತ್ತಾರೆ. ಆದರೆ ಇಪ್ಪತ್ತು ಜನರ ಆಫೀಸಿನಲ್ಲಿ ದುಬಾರಿ ಸಾಫ್ಟ್‌ವೇರ್ ನಿಜವಾಗಿ ಬೇಕಾಗುವುದು ಮೂರೋ ನಾಲ್ಕೋ ಜನರಿಗೆ. ಅಷ್ಟಕ್ಕೆ ದುಡ್ಡು ಕೊಟ್ಟು ಉಳಿದವರಿಗೆ ಮುಕ್ತ ತಂತ್ರಾಂಶ ಕೊಟ್ಟರೆ, ಎಷ್ಟೋ ಕಡೆ ಲೆಕ್ಕ ಕೈಗೆಟುಕುತ್ತದೆ.

ಹಾಗಾದರೆ ನಾನು ಕೇಳುತ್ತಿರುವುದು ಏನು? ಮೊದಲು ಸರ್ವರ್‌ನಲ್ಲಿ ಕ್ರ್ಯಾಕ್ ಫೋಲ್ಡರ್ ಇಟ್ಟು ಹೊಸಬರಿಗೆ ದಾರಿ ತೋರಿಸುವುದನ್ನು ಇವತ್ತೇ ನಿಲ್ಲಿಸಿ. ಆಮೇಲೆ ಒಂದು ಪಟ್ಟಿ ಮಾಡಿಸಿ. ಯಾವ ಕಂಪ್ಯೂಟರಿನಲ್ಲಿ ಏನಿದೆ, ಅದರ ಬಿಲ್ ಎಲ್ಲಿದೆ, ಯಾರ ಹೆಸರಿನಲ್ಲಿದೆ, ಯಾವಾಗ ಮುಗಿಯುತ್ತದೆ. ಈ ಪಟ್ಟಿ ಮಾಡುವವರಿಗೆ "ಸಿಕ್ಕಿದ್ದನ್ನು ಬರೆ, ನಿನ್ನ ಮೇಲೆ ಏನೂ ಬರುವುದಿಲ್ಲ" ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಪಟ್ಟಿಯೂ ಸುಳ್ಳಾಗುತ್ತದೆ. ಅಡ್ಮಿನ್ ಅಧಿಕಾರ ಎಲ್ಲರಿಗೂ ಕೊಡಬೇಡಿ. ಏನಾದರೂ ಬೇಕಾದರೆ ಕೇಳಲು ಒಬ್ಬರನ್ನು ಗೊತ್ತುಮಾಡಿ, ಕೇಳಿದವರಿಗೆ ಬೇಗ ಉತ್ತರ ಕೊಡಿ. ಕೇಳಿ ತಿಂಗಳಾದರೂ ಸಿಗದಿದ್ದಾಗಲೇ ಜನ ಕ್ರ್ಯಾಕ್ ಹುಡುಕಲು ಹೋಗುವುದು.

ನೌಕರರು ತಾವಾಗಿಯೇ ಹಾಕಿಕೊಂಡರೂ ಹೊಣೆ ನಿಮ್ಮ ಕಡೆ ತಿರುಗಬಹುದು. ಕೆಲಸದ ಹೊತ್ತಿನಲ್ಲಿ, ಕೆಲಸಕ್ಕಾಗಿ ನೌಕರರು ಮಾಡಿದ ತಪ್ಪಿಗೆ ಮಾಲೀಕರೂ ಹೊಣೆ ಅನ್ನುವುದು ಎಷ್ಟೋ ದೇಶಗಳ ಕಾನೂನಿನಲ್ಲಿದೆ. ಹಾಗಾಗಿ ಮೇಲೆ ಹೇಳಿದ ಕ್ರಮಗಳು ಅವರನ್ನು ಕಾಯುವಷ್ಟೇ ನಿಮ್ಮನ್ನೂ ಕಾಯುತ್ತವೆ.

ಈಗಾಗಲೇ ಸಾಫ್ಟ್‌ವೇರ್ ಕಂಪನಿಯ ಪತ್ರ ಬಂದಿದ್ದರೆ ಗಾಬರಿಯಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಡಿ. ಸಾಕ್ಷ್ಯ ಅಳಿಸಿದ್ದು ಮೂಲ ತಪ್ಪಿಗಿಂತ ಕೆಟ್ಟದಾಗಿ ಕಾಣಬಹುದು. ಅದನ್ನೂ ಮತ್ತೆ ಯಾವುದೋ ನೌಕರರ ಕೈಯಲ್ಲೇ ಮಾಡಿಸುತ್ತೀರಿ, ಅಲ್ವಾ? ಪತ್ರ ನಿಜವಾಗಿ ಆ ಕಂಪನಿಯಿಂದಲೇ ಬಂದಿದೆಯಾ ನೋಡಿ, ಮೋಸದ ಪತ್ರಗಳೂ ಬರುತ್ತವೆ. ಕಾಪಿರೈಟ್ ತಿಳಿದ ವಕೀಲರನ್ನು ಕಂಡು, ಅವರು ಹೇಳಿದ ಮೇಲೆಯೇ ಉತ್ತರ ಬರೆಯಿರಿ. ಇವತ್ತು ಕೊಂಡ ಲೈಸೆನ್ಸ್ ನಿನ್ನೆಯ ಬಳಕೆಯನ್ನು ಅಳಿಸುವುದಿಲ್ಲ ಅನ್ನುವುದು ನೆನಪಿರಲಿ. ಆದರೂ ಇಂಥ ಎಷ್ಟೋ ತಕರಾರು ಕೋರ್ಟಿನ ಹೊರಗೆ ಮಾತುಕತೆಯಲ್ಲೇ ಮುಗಿಯುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ನೌಕರರು ಯಾರಾದರೂ "ಇದಕ್ಕೆ ಲೈಸೆನ್ಸ್ ಇಲ್ಲ, ನಾನು ಹಾಕುವುದಿಲ್ಲ" ಅಂತ ಇಮೇಲ್ ಬರೆದರೆ, ಅವರನ್ನು ರೂಮಿಗೆ ಕರೆದು ಬಾಯಿಮಾತಿನಲ್ಲಿ ಗದರಿಸಬೇಡಿ. ಅದೇ ಇಮೇಲ್‌ಗೆ ಉತ್ತರ ಬರೆಯಿರಿ. ಕೊಂಡು ಕೊಡುತ್ತೀರೋ, ಬೇರೆ ಸಾಫ್ಟ್‌ವೇರ್ ಬಳಸಲು ಹೇಳುತ್ತೀರೋ, ಆ ಕೆಲಸವನ್ನೇ ಬಿಡುತ್ತೀರೋ, ಯಾವುದಾದರೂ ಸರಿ, ನಿಮ್ಮ ಹೆಸರಿನಲ್ಲಿ ಬರೆದು ಕೊಡಿ.

ಇಂತಿ,
ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬ ನೌಕರ